ಗುಂಡಿಯಲ್ಲಿ ಚಂದ್ರನನ್ನು ಕಂಡವರು

ಕತ್ತಲು. ಉಬ್ಬಿದ ಉಡುಗೆ, ತಲೆಗೆ ಗುಂಡನೆಯ ಶಿರಸ್ತ್ರಾಣ ತೊಟ್ಟ ಗಗನಯಾತ್ರಿಯೊಬ್ಬ ನಿಧಾನವಾಗಿ ಹೆಜ್ಜೆ ಎತ್ತಿಡುತ್ತ ಬರುತ್ತಿದ್ದಾನೆ. ಕಾಲ ಕೆಳಗೆ ಒರಟು ನೆಲ, ಅಲ್ಲಲ್ಲಿ ಕುಳಿಗಳು. ನೋಡುವವರಿಗೆ ಇದು ಚಂದ್ರನೇ ಸರಿ. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಆಟೋರಿಕ್ಷಾ ಸದ್ದು ಮಾಡುತ್ತ ಹಾದುಹೋಗುತ್ತದೆ!

ಅದು ಚಂದ್ರನಲ್ಲ, ಪಶ್ಚಿಮ ಬೆಂಗಳೂರಿನ ಹೇರೋಹಳ್ಳಿ. ಮಾಗಡಿ ರಸ್ತೆಯ ಕಡೆಯ ತುಂಗಾನಗರ ಮುಖ್ಯರಸ್ತೆಯ ಗುಂಡಿಗಳ ನಡುವೆ ಚಿತ್ರಿಸಿದ ಈ ಪುಟ್ಟ ವಿಡಿಯೋ 2019ರ ಸೆಪ್ಟೆಂಬರ್ 2ರಂದು ಹೊರಬಂತು. ಯೋಜನೆ ಕಲಾವಿದ ಬಾದಲ್ ನಂಜುಂಡಸ್ವಾಮಿಯವರದು. ಗಗನಯಾತ್ರಿಯಾಗಿ ನಡೆದವರು ನಟ ಪೂರ್ಣಚಂದ್ರ ಮೈಸೂರು. ಒಂದೆರಡು ದಿನಗಳಲ್ಲಿ ದೇಶವಿದೇಶಗಳ ಜನ ಅದನ್ನು ನೋಡಿ ನಕ್ಕರು. ಆಗಿನ ಬಿಬಿಎಂಪಿಯವರು ಮಾತ್ರ ನಗುತ್ತ ಕೂರುವಂತಿರಲಿಲ್ಲ. ಜಲ್ಲಿ, ಯಂತ್ರಗಳೊಂದಿಗೆ ಬಂದು ಆ ರಸ್ತೆಯನ್ನು ದುರಸ್ತಿ ಮಾಡಿದರು.

ಆ ರಸ್ತೆಯಲ್ಲಿ ದಿನವೂ ಸಾವಿರಾರು ಮಂದಿ ಓಡಾಡುತ್ತಿದ್ದರು. ಶಾಲೆಗೆ ಹೋಗುವ ಮಕ್ಕಳು, ಕೆಲಸಕ್ಕೆ ಹೋಗುವ ದೊಡ್ಡವರು, ಸ್ಕೂಟರಿನ ಹಿಂದೆ ಕುಳಿತ ಅಜ್ಜಿಯರು ಎಲ್ಲರೂ ಗುಂಡಿ ನೋಡಿದವರೇ, ಬೈದವರೇ. ಅವರಿಗೆ ಗುಂಡಿಯಾಗಿ ಕಂಡದ್ದು ಒಬ್ಬರಿಗೆ ಚಂದ್ರನಾಗಿ ಕಂಡದ್ದು ಹೇಗೆ? ಸೃಜನಶೀಲತೆ, ಸ್ಫೂರ್ತಿ ಎಂದೆಲ್ಲ ದೊಡ್ಡ ಹೆಸರಿನಿಂದ ಕರೆಯುವ ವಿಷಯ ಇದೇ. ಬಿಡಿಸಿ ನೋಡಿದರೆ ಇದರೊಳಗೆ ಎಂಟನೆಯ, ಒಂಬತ್ತನೆಯ ತರಗತಿಯ ವಿಜ್ಞಾನ ಅಡಗಿರುವುದು ಕಾಣುತ್ತದೆ.

ಬೆಳಕು ಓರೆಯಾದಾಗ

ಹುಣ್ಣಿಮೆಯ ದಿನ ದುರ್ಬೀನಿನಲ್ಲಿ ಚಂದ್ರನನ್ನು ನೋಡಿದವರಿಗೆ ನಿರಾಸೆಯಾಗುವುದುಂಟು. ಬೆಳಕೇನೋ ಕಣ್ಣು ಕುಕ್ಕುತ್ತದೆ, ಆದರೆ ಕುಳಿಗಳು ಸರಿಯಾಗಿ ಕಾಣುವುದಿಲ್ಲ. ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಯ ಹೊತ್ತಿಗೆ ನೋಡಿ. ಬೆಳಕು ಮತ್ತು ಕತ್ತಲೆ ಸೇರುವ ಗೆರೆಯ ಉದ್ದಕ್ಕೂ ಒಂದೊಂದು ಕುಳಿಯೂ ಅಚ್ಚೊತ್ತಿದಂತೆ ಎದ್ದು ತೋರುತ್ತದೆ. ಕಾರಣ ಸರಳ. ಹುಣ್ಣಿಮೆಯಲ್ಲಿ ನಾವು ಸೂರ್ಯ ಇರುವ ದಿಕ್ಕಿನಿಂದಲೇ ಚಂದ್ರನನ್ನು ನೋಡುತ್ತಿರುತ್ತೇವೆ, ನೆರಳುಗಳೆಲ್ಲ ವಸ್ತುಗಳ ಹಿಂದೆ ಅಡಗಿಬಿಡುತ್ತವೆ. ಅಷ್ಟಮಿಯಲ್ಲಿ ಆ ಗೆರೆಯ ಬಳಿ ಬಿಸಿಲು ನೆಲವನ್ನು ಸವರಿಕೊಂಡು ಬೀಳುತ್ತದೆ. ಚಿಕ್ಕ ದಿಬ್ಬವೂ ಉದ್ದನೆಯ ನೆರಳು ಚಾಚುತ್ತದೆ. ಆಳ ಎಷ್ಟು ಎಂಬುದನ್ನು ನಮ್ಮ ಕಣ್ಣಿಗೆ ಹೇಳುವುದು ಆ ನೆರಳೇ.

ಹೇರೋಹಳ್ಳಿಯ ಗುಂಡಿಯೂ ಹಾಗೆಯೇ. ನಡುಮಧ್ಯಾಹ್ನ ಅದು ಬರೀ ಗುಂಡಿ. ರಾತ್ರಿ ದೀಪದ ಬೆಳಕು ಓರೆಯಾಗಿ ಬಿದ್ದಾಗ ಅದರ ಅಂಚು ಬೆಳಗಿ, ಒಡಲು ಕಪ್ಪಾಗಿ, ದಿನಪತ್ರಿಕೆಯಲ್ಲಿ ಬಂದ ಚಂದ್ರನ ಚಿತ್ರದಂತೆಯೇ ಕಾಣುತ್ತದೆ. ಸುತ್ತಲಿನ ಮನೆ, ಅಂಗಡಿ, ತಂತಿಗಳನ್ನೆಲ್ಲ ಕತ್ತಲೆ ನುಂಗಿಹಾಕುವುದರಿಂದ ಚಂದ್ರನ ಕಪ್ಪು ಆಕಾಶವೂ ಪುಕ್ಕಟೆಯಾಗಿ ಸಿಗುತ್ತದೆ.

ಇನ್ನು ನಡಿಗೆ. ಚಂದ್ರನ ಗುರುತ್ವ ಭೂಮಿಯದರ ಆರರಲ್ಲಿ ಒಂದು ಪಾಲು. ಒಂದು ಮೀಟರ್ ಎತ್ತರದಿಂದ ಬಿಟ್ಟ ಕಲ್ಲು ಇಲ್ಲಿ ಸುಮಾರು 0.45 ಸೆಕೆಂಡಿನಲ್ಲಿ ನೆಲ ಮುಟ್ಟಿದರೆ, ಅಲ್ಲಿ ಸುಮಾರು 1.1 ಸೆಕೆಂಡು ಬೇಕು. ಗುರುತ್ವ ಆರು ಪಟ್ಟು ಕಡಿಮೆಯಾದರೆ ಕಾಲ ಆರು ಪಟ್ಟು ಹೆಚ್ಚುವುದಿಲ್ಲ, ಆರರ ವರ್ಗಮೂಲದಷ್ಟು, ಎಂದರೆ ಎರಡೂವರೆ ಪಟ್ಟಿನಷ್ಟು ಹೆಚ್ಚುತ್ತದೆ. ಎತ್ತಿದ ಕಾಲು ಕೆಳಗಿಳಿಯುವುದು ತಡವಾದದ್ದರಿಂದಲೇ 1969ರಿಂದ 1972ರವರೆಗೆ ಚಂದ್ರನ ಮೇಲೆ ಓಡಾಡಿದ ಅಪೋಲೋ ಯಾತ್ರಿಗಳ ನಡಿಗೆ ತೇಲಿದಂತೆ ತೋರುತ್ತದೆ. ಆ ನಿಧಾನ ನಮ್ಮೆಲ್ಲರ ನೆನಪಿನಲ್ಲಿ ಉಳಿದಿರುವುದರಿಂದ ಹೇರೋಹಳ್ಳಿಯ ಗಗನಯಾತ್ರಿ ನಾಲ್ಕು ಹೆಜ್ಜೆ ಇಟ್ಟೊಡನೆ ಮನಸ್ಸು ನಂಬಿಬಿಡುತ್ತದೆ.

ಕುಳಿಗೂ ಗುಂಡಿಗೂ ಒಂದು ವ್ಯತ್ಯಾಸವುಂಟು. ಚಂದ್ರನ ಕುಳಿ ಉಲ್ಕೆ ಬಡಿದು ಆದದ್ದು. ಗಾಳಿ ಮಳೆಗಳಿಲ್ಲದ್ದರಿಂದ ಅದು ಕೋಟ್ಯಂತರ ವರ್ಷ ಹಾಗೆಯೇ ಉಳಿಯುತ್ತದೆ. ನಮ್ಮ ಗುಂಡಿಗೆ ನೀರೇ ತಾಯಿ. ಡಾಂಬರಿನ ಬಿರುಕಿನೊಳಗೆ ಇಳಿದ ಮಳೆನೀರು ಕೆಳಗಿನ ಜಲ್ಲಿಯನ್ನು ಸಡಿಲಿಸುತ್ತದೆ, ಮೇಲೆ ಹಾಯುವ ಗಾಲಿಗಳು ಅದನ್ನು ಕಿತ್ತು ಹಾಕುತ್ತವೆ. ಒಂದು ಕಡೆ ನೀರಿಲ್ಲದೆ ಉಳಿದ ಕುಳಿ, ಇನ್ನೊಂದು ಕಡೆ ನೀರಿನಿಂದಲೇ ಹುಟ್ಟಿದ ಗುಂಡಿ. ಎರಡೂ ನೋಡಲು ಒಂದೇ! ಹೇರೋಹಳ್ಳಿಯ ಕುಳಿಗಳ ಆಯುಸ್ಸು ಮಾತ್ರ ವಿಡಿಯೋ ಬಂದ ಮೇಲೆ ಬಹಳ ಕಡಿಮೆಯಾಯಿತು.

ಚಳ್ಳಕೆರೆಯ ಕುಳಿಗಳು

ಗುಂಡಿಯನ್ನು ಚಂದ್ರ ಎಂದು ಭಾವಿಸಿದವರು ಕಲಾವಿದರೊಬ್ಬರೇ ಅಲ್ಲ. ಅದಕ್ಕೆ ಕೆಲವು ವರ್ಷ ಮೊದಲು, ಚಂದ್ರಯಾನ-2ರ ತಯಾರಿಯ ಕಾಲದಲ್ಲಿ, ಇಸ್ರೊ ವಿಜ್ಞಾನಿಗಳು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ನೆಲ ಅಗೆಸಿ ಚಂದ್ರನ ಕುಳಿಗಳಂಥವನ್ನೇ ಮಾಡಿಸಿದರು. ಚಂದ್ರನ ಮೇಲೆ ಇಳಿಯುವ ನೌಕೆ ತನ್ನ ಕೆಳಗಿನ ನೆಲ ಎಷ್ಟು ದೂರದಲ್ಲಿದೆ, ಎಲ್ಲಿ ಹಳ್ಳ, ಎಲ್ಲಿ ಸಮತಟ್ಟು ಎಂಬುದನ್ನು ತಾನೇ ಗುರುತಿಸಬೇಕು. ಆ ಉಪಕರಣಗಳನ್ನು ವಿಮಾನದಲ್ಲಿಟ್ಟು ಈ ಕುಳಿಗಳ ಮೇಲೆ ಹಾರಿಸಿ ಪರೀಕ್ಷಿಸಿದರು. ವಿಜ್ಞಾನಿಗಳು ಬಯಲಿನಲ್ಲಿ ಕುಳಿ ತೋಡಿಸಿದರು, ಕಲಾವಿದರಿಗೆ ಅದು ರಸ್ತೆಯಲ್ಲೇ ತಯಾರಾಗಿ ಸಿಕ್ಕಿತು. ಇಬ್ಬರೂ ಕೇಳಿಕೊಂಡ ಪ್ರಶ್ನೆ ಮಾತ್ರ ಒಂದೇ: ಇದನ್ನು ಚಂದ್ರ ಎಂದುಕೊಂಡರೆ ಏನಾಗುತ್ತದೆ?

ವಿಡಿಯೋ ಹೊರಬಂದ ಆ ಸೋಮವಾರವೇ ಚಂದ್ರಯಾನ-2ರ ವಿಕ್ರಮ್ ನೌಕೆ ತನ್ನ ಮಾತೃನೌಕೆಯಿಂದ ಬೇರ್ಪಟ್ಟು ಚಂದ್ರನ ಕಡೆ ಇಳಿಯಲು ಅಣಿಯಾಯಿತು. ಅದರ ಮೇಲೆ ಕಣ್ಣಿಟ್ಟಿದ್ದ ಇಸ್ರೊ ನಿಯಂತ್ರಣ ಕೇಂದ್ರ ಇರುವುದು ಪೀಣ್ಯದಲ್ಲಿ, ಹೇರೋಹಳ್ಳಿಗೆ ಬಹಳ ದೂರವೇನಲ್ಲ. ದೂರದ ನೌಕೆಗಳ ಸಂಕೇತ ಹಿಡಿಯುವ 32 ಮೀಟರ್ ವ್ಯಾಸದ ಆಂಟೆನಾ ಇರುವ ಬ್ಯಾಲಾಳು ಕೆಂಗೇರಿಯಿಂದ ಮುಂದಕ್ಕೆ. ಪಶ್ಚಿಮ ಬೆಂಗಳೂರಿನ ಆಸುಪಾಸಿನಲ್ಲೇ ಒಂದು ಕಡೆ ನಿಜವಾದ ಚಂದ್ರನ ಕೆಲಸ, ಇನ್ನೊಂದು ಕಡೆ ತಮಾಷೆಯ ಚಂದ್ರ. ತಮಾಷೆಗೆ ಅಷ್ಟು ಮೊನಚು ಬಂದದ್ದು ಇದರಿಂದಲೇ. ಚಂದ್ರನಿಗೆ ನೌಕೆ ಕಳಿಸುವ ಊರಿನಲ್ಲಿ ರಸ್ತೆ ಹೀಗಿರಬಹುದೇ ಎಂಬ ಪ್ರಶ್ನೆಯನ್ನು ಒಂದು ಮಾತೂ ಆಡದೆ ಅದು ಕೇಳಿತು.

ಸೆಪ್ಟೆಂಬರ್ 7ರ ನಸುಕಿನಲ್ಲಿ, ಇನ್ನು ಎರಡು ಕಿಲೋಮೀಟರ್ ಚಿಲ್ಲರೆ ಉಳಿದಿರುವಾಗ, ವಿಕ್ರಮ್ ಸಂಪರ್ಕ ಕಡಿದುಹೋಯಿತು. ದೇಶದ ನಾನಾ ಕಡೆಗಳಿಂದ ಕ್ವಿಜ್ ಗೆದ್ದು ಬಂದಿದ್ದ ಶಾಲಾ ಮಕ್ಕಳು ಪೀಣ್ಯದಲ್ಲಿ ಅದನ್ನು ಕಣ್ಣಾರೆ ಕಂಡರು. ತಪ್ಪಿದ್ದೆಲ್ಲಿ ಎಂದು ಬಿಡಿಸಿ ನೋಡಿ, ತಿದ್ದಿ, ಮತ್ತೆ ಕಳಿಸಿದ ಚಂದ್ರಯಾನ-3 ಇಳಿದದ್ದು 2023ರ ಆಗಸ್ಟ್ 23ರ ಸಂಜೆ. ಕಲೆಯಾಗಲಿ ವಿಜ್ಞಾನವಾಗಲಿ ಮೊದಲ ಸಲಕ್ಕೇ ಕೈಹಿಡಿಯಬೇಕೆಂಬ ನಿಯಮವಿಲ್ಲ.

ನಂಜುಂಡಸ್ವಾಮಿಯವರ ಚಂದ್ರನಡಿಗೆಯೂ ಮೊದಲ ಪ್ರಯತ್ನವಲ್ಲ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಅವರು 2015ರಲ್ಲಿ ಸುಲ್ತಾನ್‌ಪಾಳ್ಯದ ಸುಮಾರು 12 ಅಡಿ ಉದ್ದದ ನೀರು ನಿಂತ ಗುಂಡಿಯಲ್ಲಿ ಜೀವಗಾತ್ರದ ಮೊಸಳೆಯೊಂದನ್ನು ಮಾಡಿಟ್ಟಿದ್ದರು. 2017ರಲ್ಲಿ ಇನ್ನೊಂದು ಗುಂಡಿಯಲ್ಲಿ ಮತ್ಸ್ಯಕನ್ಯೆ ಕುಳಿತಿದ್ದಳು. ನೀರು ತುಂಬಿದ್ದಾಗ ಮೊಸಳೆ, ಒಣಗಿದ್ದಾಗ ಚಂದ್ರ. ಯಾವ ಗುಂಡಿಗೆ ಯಾವುದು ಹೊಂದುತ್ತದೆ ಎಂದು ನೋಡದೆ ಇದು ಆಗುವ ಕೆಲಸವಲ್ಲ. ಹಾಗೆಂದು ಎಲ್ಲ ಗುಂಡಿಗೂ ಒಬ್ಬ ಕಲಾವಿದನನ್ನು ಕಾಯುತ್ತ ಕೂರಲಾಗದು ಎಂಬುದೂ ನಿಜ. ಒಂದು ರಸ್ತೆ ಸರಿಯಾಯಿತು, ಉಳಿದವು ಎಷ್ಟೋ ಇವೆ.

ಕಿವಿಗೂ ಇದೇ ಪಾಠ

ಸದ್ದಿನ ವಿಷಯವೂ ಹೀಗೆಯೇ. 1948ರಲ್ಲಿ ಪ್ಯಾರಿಸ್ಸಿನ ರೇಡಿಯೋ ಎಂಜಿನಿಯರ್ ಪಿಯೆರ್ ಶೆಫರ್ ರೈಲು ನಿಲ್ದಾಣಕ್ಕೆ ಹೋಗಿ ಉಗಿಬಂಡಿಯ ಸಿಳ್ಳೆ, ಗಾಲಿಗಳ ಗಡಗಡ ಸದ್ದನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿಕೊಂಡರು. ಮುಳ್ಳು ಒಂದೇ ಗೆರೆಯಲ್ಲಿ ಸುತ್ತುವಂತೆ ಮಾಡಿದಾಗ ಅದೇ ಸದ್ದು ಮತ್ತೆ ಮತ್ತೆ ಬಂದು ತಾಳವಾಯಿತು. ಇಂದು ಮಕ್ಕಳು ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಎಲೆಕ್ಟ್ರಾನಿಕ್ ಸಂಗೀತದಲ್ಲಿ 'ಲೂಪ್' ಎನ್ನುವುದರ ಹಿರಿಯಜ್ಜ ಇದು.

ನಮ್ಮ ಬೆಂಗಳೂರಿನಲ್ಲೂ ಒಂದು ಒಳ್ಳೆಯ ಉದಾಹರಣೆಯಿದೆ. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ, ಕೊಳಲು ನುಡಿಸುವ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅಭ್ಯಾಸಕ್ಕೆ ಕುಳಿತವರಿಗೆಲ್ಲ ಪಕ್ಕದಲ್ಲಿ ತಂಬೂರಿ ಮೀಟುವವರು ಸಿಗುವುದಿಲ್ಲ. ಆ ತೊಡಕಿಗೆ ಸರ್ಕ್ಯೂಟಿನಲ್ಲಿ ಉತ್ತರ ಸಿಕ್ಕಿತು. ಷಡ್ಜದ ಕಂಪನ ಸೆಕೆಂಡಿಗೆ 240 ಇದ್ದರೆ ಪಂಚಮದ್ದು 360, ಮೇಲಿನ ಷಡ್ಜದ್ದು 480. ಎರಡಕ್ಕೆ ಮೂರು, ಒಂದಕ್ಕೆ ಎರಡು. ಗಣಿತದ ಪುಸ್ತಕದಲ್ಲಿ ಒಣ ಅನುಪಾತವಾಗಿರುವುದು ಸಂಗೀತದ ಕೋಣೆಯಲ್ಲಿ ಶ್ರುತಿಯಾಗುತ್ತದೆ. ಇದನ್ನು ಕಂಡುಕೊಳ್ಳಲು ಎಂಜಿನಿಯರನ ಲೆಕ್ಕವೂ ಬೇಕಿತ್ತು, ಕೊಳಲುಗಾರನ ಕಿವಿಯೂ ಬೇಕಿತ್ತು.

ಗೆರೆಯ ಚಿತ್ರಗಳಿಗೆ ಬಂದರೆ ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್ (1921–2015) ನೆನಪಾಗುತ್ತಾರೆ. ಬಾಲ್ಯದಿಂದಲೂ ಅವರ ಅಚ್ಚುಮೆಚ್ಚಿನ ವಸ್ತು ಕಾಗೆ. ಯಾರೂ ಎರಡನೆಯ ಸಲ ತಿರುಗಿ ನೋಡದ ಹಕ್ಕಿಯನ್ನು ಅವರು ಜೀವಮಾನವಿಡೀ ನೋಡಿ ಬರೆದರು. ಮುಂಬಯಿಯ ಜೆ. ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ. ಆದರೂ ಅವರು ನೋಡುವುದನ್ನು ಬಿಡಲಿಲ್ಲ.

ತಂದೆತಾಯಂದಿರಿಗೆ ಎರಡು ಮಾತು

ಮಗ ಅಥವಾ ಮಗಳು ಒಂಬತ್ತನೆಯ ತರಗತಿಗೆ ಬಂದೊಡನೆ ಅನೇಕ ಮನೆಗಳಲ್ಲಿ ಮೊದಲು ಅಟ್ಟ ಸೇರುವುದು ಬಣ್ಣದ ಡಬ್ಬಿ. 'ಎಸ್ಸೆಸ್ಸೆಲ್ಸಿ ಮುಗಿಯಲಿ, ಆಮೇಲೆ ನೋಡೋಣ' ಎನ್ನುತ್ತಾರೆ. ಆಮೇಲೆ ಪಿಯುಸಿ ಬರುತ್ತದೆ, ಸಿಇಟಿ ಬರುತ್ತದೆ. 'ಆಮೇಲೆ' ಮಾತ್ರ ಬರುವುದಿಲ್ಲ. ಹೆತ್ತವರ ಆತಂಕ ಸುಳ್ಳಲ್ಲ. ಸೀಟಿನ ಚಿಂತೆ, ಫೀಜಿನ ಚಿಂತೆ ಯಾರಿಗಿಲ್ಲ? ಆದರೆ ಚಿತ್ರ ಬರೆಯುವುದು ಓದಿಗೆ ಅಡ್ಡಿ ಎಂಬ ಲೆಕ್ಕ ಸರಿಯಲ್ಲ. ಕುಳಿಯ ನೆರಳನ್ನು ಒಮ್ಮೆ ಕಾಗದದ ಮೇಲೆ ಪೆನ್ಸಿಲಿನಲ್ಲಿ ಮೂಡಿಸಿದ ಹುಡುಗಿಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಉರುಹೊಡೆಯಬೇಕಾಗಿಲ್ಲ. ತಂಬೂರಿಯ ಶ್ರುತಿ ಕೂಡಿಸಿದ ಹುಡುಗನಿಗೆ ಅನುಪಾತವೆಂದರೆ ಏನೆಂದು ಬೆದರಿಕೆ ಇರುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಬಣ್ಣದ ಡಬ್ಬಿಗೆ ಬಿಟ್ಟುಕೊಟ್ಟರೆ ಓದೇನೂ ಕೆಡುವುದಿಲ್ಲ.

ಮಕ್ಕಳಿಗೂ ಒಂದು ಎಚ್ಚರಿಕೆ. ಸ್ಫೂರ್ತಿ ಪಡೆಯುವುದು ಬೇರೆ, ನಕಲು ಮಾಡುವುದು ಬೇರೆ. ಹೇರೋಹಳ್ಳಿಯ ಗಗನಯಾತ್ರಿಯನ್ನು ನಾಳೆ ಇನ್ನೊಂದು ಬೀದಿಯಲ್ಲಿ ನಡೆಸಿದರೆ ನಗು ಅರ್ಧಕ್ಕೆ ಇಳಿಯುತ್ತದೆ. ಅವರಿಂದ ಕಲಿಯಬೇಕಾದದ್ದು ನೋಡುವ ರೀತಿಯನ್ನು. ರಾತ್ರಿ ರಸ್ತೆಯ ನಡುವೆ ನಿಲ್ಲುವ ಸಾಹಸವಂತೂ ಖಂಡಿತ ಬೇಡ. ಪರರ ಗೋಡೆಯ ಮೇಲೆ ಒಪ್ಪಿಗೆಯಿಲ್ಲದೆ ಚಿತ್ರ ಬರೆಯುವುದೂ ತಪ್ಪು. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲೆಂದೇ ಕರ್ನಾಟಕದಲ್ಲಿ 1981ರ ಕಾಯಿದೆಯಿದೆ. ಶಾಲೆಯ ಗೋಡೆಯ ಒಂದು ಭಾಗವನ್ನು ಮುಖ್ಯೋಪಾಧ್ಯಾಯರನ್ನು ಕೇಳಿ ಪಡೆಯಿರಿ. ಅದು ಸಿಗದಿದ್ದರೆ ನೋಟ್‌ಬುಕ್ಕಿನ ಹಿಂದಿನ ಪುಟ ಇದ್ದೇ ಇದೆ.

ಮಾಡಿ ನೋಡಿ

ಒಂದು: ಅಗಲವಾದ ತಟ್ಟೆಯಲ್ಲಿ ಎರಡು ಅಂಗುಲ ದಪ್ಪಕ್ಕೆ ಒಣ ಮರಳು ತುಂಬಿ. ಬೇರೆ ಬೇರೆ ಎತ್ತರದಿಂದ ಗೋಲಿ ಬೀಳಿಸಿ, ಮೆಲ್ಲಗೆ ಎತ್ತಿ ತೆಗೆಯಿರಿ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಮೊದಲು ನೇರ ಮೇಲಿನಿಂದ, ಆಮೇಲೆ ತಟ್ಟೆಯ ಅಂಚಿನಿಂದ ಹಿಡಿಯಿರಿ. ಎರಡರ ಚಿತ್ರವನ್ನೂ ಪೆನ್ಸಿಲಿನಲ್ಲಿ ಬರೆಯಿರಿ. ಯಾವುದು ಹುಣ್ಣಿಮೆ, ಯಾವುದು ಅಷ್ಟಮಿ ಎಂದು ಮನೆಯವರನ್ನು ಕೇಳಿ.

ಎರಡು: ಮೊಬೈಲಿನಲ್ಲಿ ತಮ್ಮನೋ ತಂಗಿಯೋ ಜಿಗಿಯುವುದನ್ನು ಚಿತ್ರಿಸಿ, ಎರಡೂವರೆ ಪಟ್ಟು ನಿಧಾನ ಮಾಡಿ ನೋಡಿ. ಅವರು ಚಂದ್ರನಲ್ಲಿ ಬೀಳುವಷ್ಟೇ ನಿಧಾನವಾಗಿ ಇಳಿಯುವುದು ಕಾಣುತ್ತದೆ. ನಿಜವಾದ ಚಂದ್ರನಲ್ಲಾದರೆ ಅವರು ಇನ್ನೂ ಎತ್ತರ ಜಿಗಿಯುತ್ತಿದ್ದರು. ಏಕೆ? ಯೋಚಿಸಿ.

ಮೂರು: ಮನೆಯಿಂದ ಶಾಲೆಯವರೆಗೆ, ಅದು ರಾಜಾಜಿನಗರವಿರಲಿ, ಬಸವೇಶ್ವರನಗರವಿರಲಿ, ಮುಚ್ಚಿದ ಅಂಗಡಿಯ ಬಾಗಿಲು, ಕಿತ್ತ ಪೋಸ್ಟರು, ಗೋಡೆಯ ತೇವದ ಕಲೆ ಏನೇ ಕಂಡರೂ 'ಇದು ಇನ್ನೇನನ್ನು ಹೋಲುತ್ತದೆ?' ಎಂದು ಕೇಳಿಕೊಂಡು ದಿನಕ್ಕೆ ಒಂದನ್ನು ಬರೆದಿಡಿ. ವಿಜಯನಗರದ ಮಾರುಕಟ್ಟೆಯ ಸದ್ದು, ಕೆಂಗೇರಿಯ ಮೆಟ್ರೊ ಬಂದು ನಿಲ್ಲುವ ಸದ್ದನ್ನೂ ಮುದ್ರಿಸಿಕೊಳ್ಳಬಹುದು. ತಿಂಗಳ ಕೊನೆಗೆ ಮೂವತ್ತು ಹೋಲಿಕೆಗಳಾಗುತ್ತವೆ. ಅವುಗಳಲ್ಲಿ ಇಪ್ಪತ್ತೊಂಬತ್ತು ಸಾಧಾರಣವಾಗಿರಬಹುದು. ಉಳಿದ ಒಂದನ್ನು ಮಾತ್ರ ಯಾರಿಗಾದರೂ ತೋರಿಸಲು ಮರೆಯಬೇಡಿ.