ಈ ಒಂದು ಬೀಗದ ಕೈ ನಮ್ಮ ಸೊಂಟಕ್ಕೆ ಬೇಡ

ಅಕ್ಕಂದಿರಾ, ತಂಗೀರಾ, ಈ ಸಲ ಉಪ್ಪಿನಕಾಯಿ, ಹಪ್ಪಳದ ಮಾತಿಲ್ಲ. ಬಂದೂಕಿನ ಮಾತು. "ಅಯ್ಯೋ, ನಮ್ಗ್ಯಾಕಮ್ಮ ಅದು, ಗಂಡಸರ ಸಾಮಾನು" ಅಂತ ಎದ್ದು ಹೋಗ್ಬೇಡಿ. ಗಂಡಸರ ಸಾಮಾನೇ, ಒಪ್ಕೊಂಡೆ. ಆದ್ರೆ ಅದು ಇರೋದೆಲ್ಲಿ? ನಮ್ಮ ಬೀರಿನಲ್ಲಿ. ರೇಷ್ಮೆ ಸೀರೆ ಹಿಂದೆ, ಮಗಳ ಮದುವೆಗೆ ಎತ್ತಿಟ್ಟ ಒಡವೆ ಡಬ್ಬಿ ಪಕ್ಕದಲ್ಲಿ. ಆ ಬೀರಿನ ಬೀಗದ ಕೈ ಯಾರ ಸೊಂಟದಲ್ಲಿ ಐತೆ ನೋಡ್ಕೊಳ್ಳಿ. ಅದಕ್ಕೇ ಮಾತು ನಮ್ಮದು.

ನಮ್ಮ ರಾಬರ್ಟ್‌ಸನ್‌ಪೇಟೆಯಲ್ಲಿ ಯಾರ ಮನೇಲಮ್ಮ ಬಂದೂಕು ಅಂತೀರಾ? ಬೀದಿಬೀದಿಗೂ ಇಲ್ಲ, ಆದ್ರೆ ಅವೆ. ಮಿಲಿಟರಿಯಿಂದ ರಿಟೈರಾಗಿ ಬಂದು ಬ್ಯಾಂಕಿನ ಕಾವಲಿಗೆ ಹೋಗೋರ ಮನೇಲಿ ಡಬಲ್ ಬ್ಯಾರಲ್ ಐತೆ. ಕಾಮಸಮುದ್ರ, ಬೂದಿಕೋಟೆ ಕಡೆ ತೋಟ ಇರೋರ ಮನೇಲಿ ಹಂದಿ ಕಾಟಕ್ಕೆ ಅಂತ ತಾತನ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ್ದು ಐತೆ. ಈಗಿನ ಹುಡುಗರು ಕೆಲವರು ಗುರಿ ಹೊಡೆಯೋ ಆಟ ಕಲೀತಾರೆ, ಅವರ ಹತ್ರ ಮೇಲೆ ದುರ್ಬೀನು ಕೂರಿಸಿದ ರೈಫಲ್ಲು. ನಮ್ಮ ನೆಂಟರಲ್ಲೇ ಮೂರು ಮನೆ ಎಣಿಸಬಲ್ಲೆ. ಮೂರು ಮನೇಲೂ ಅದು ಬಟ್ಟೆ ಬೀರಿನಲ್ಲೇ ಐತೆ.

ನಾನು ಹೇಳೋದು ಇಷ್ಟೇ. ಬಂದೂಕಿಗೆ ಬೇರೆ ಬೀರು ಬೇಕು, ತೋಟಾಗಳಿಗೆ ಬೇರೆ ಪೆಟ್ಟಿಗೆ ಬೇಕು. ಎರಡರ ಬೀಗದ ಕೈಯೂ ಲೈಸೆನ್ಸ್ ಯಾರ ಹೆಸರಲ್ಲಿ ಐತೋ ಅವರ ಹತ್ರವೇ ಇರ್ಬೇಕು. ಮನೆಯ ಎಲ್ಲಾ ಬೀಗದ ಕೈನೂ ನಮ್ಮ ಹತ್ರ ಇರ್ಲಿ ಅಂತ ಆಸೆ ಪಡೋ ನಾವು, ಇದೊಂದನ್ನ ಮಾತ್ರ ಬೇಡ ಅನ್ನಬೇಕು.

ಯಾಕೆ ಅಂದ್ರೆ, ಬಟ್ಟೆ ಬೀರು ದಿನಕ್ಕೆ ಹತ್ತು ಸಲ ತೆಗೆಯೋ ಜಾಗ. ಮಕ್ಕಳ ಯೂನಿಫಾರಂ, ರೇಷನ್ ಕಾರ್ಡು, ಹಾಲಿನ ದುಡ್ಡು ಎಲ್ಲಾ ಅಲ್ಲೇ. ಬಾಗಿಲು ತೆಗೆದಿಟ್ಟು ಒಲೆ ಮೇಲಿನ ಹಾಲು ಉಕ್ಕಿತು ಅಂತ ಓಡ್ತೀವಿ. ಮೊಮ್ಮಕ್ಕಳಿಗೆ ಗೊತ್ತಿಲ್ಲದ ಜಾಗ ನಮ್ಮ ಮನೇಲಿ ಒಂದಾದ್ರೂ ಐತಾ? ಕೋಡುಬಳೆ ಡಬ್ಬಿನ ಅಟ್ಟದ ಮೇಲಿಟ್ರೂ ಹುಡುಕ್ತಾವೆ. ಬೀಗದ ಕೈ ದೇವರ ಪಟದ ಹಿಂದೆ ಐತೆ, ರಾಗಿ ಡಬ್ಬದಲ್ಲಿ ಐತೆ ಅನ್ನೋದು ನಮಗೆ ಗುಟ್ಟು, ಅವಕ್ಕಲ್ಲ. "ಮುಟ್ಬೇಡ" ಅಂತ ಹೇಳಿದ್ದೀನಿ ಅನ್ನೋರಿಗೆ ಒಂದು ಮಾತು. ಮುಟ್ಬೇಡ ಅಂದ ಮೇಲೇ ಅಲ್ವಾ ಮಕ್ಕಳು ಮುಟ್ಟೋದು?

2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಒಂದು ಕೋಳಿ ಫಾರಂನಲ್ಲಿ ಆಗಿದ್ದು ಪೇಪರಿನಲ್ಲಿ ಓದಿರ್ತೀರಿ. ಅಲ್ಲಿ ಇಟ್ಟಿದ್ದ ಬಂದೂಕನ್ನ ಒಬ್ಬ ಹುಡುಗ ಕೈಗೆ ತಗೊಂಡ, ಗುಂಡು ಹಾರಿತು, 4 ವರ್ಷದ ಮಗು ಹೋಯ್ತು. ಆ ಮಗುವಿನ ತಾಯಿಗೂ ಗಾಯ. ಹೊಟ್ಟೆಪಾಡಿಗೆ ಅಂತ ದೂರದಿಂದ ಬಂದಿದ್ದ ಕೂಲಿ ಜನ. ಆ ಹುಡುಗನಿಗೆ ಯಾರ ಮೇಲೂ ದ್ವೇಷ ಇರಲಿಲ್ಲ, ಆ ತಾಯಿಗೆ ಬಂದೂಕಿನ ಸುದ್ದಿಯೇ ಬೇಕಿರಲಿಲ್ಲ. ಗುಂಡು ತುಂಬಿದ ಬಂದೂಕು ಮಕ್ಕಳ ಕೈಗೆ ಎಟಕೋ ಹಾಗಿತ್ತು, ಅಷ್ಟೇ ಸಾಕಾಯ್ತು.

ಮಕ್ಕಳ ಮಾತು ಒಂದಾದ್ರೆ ದೊಡ್ಡೋರ ಮಾತು ಇನ್ನೊಂದು. ಹೇಳೋಕೆ ಬಾಯಿ ಬರಲ್ಲ, ಆದ್ರೂ ಹೇಳ್ತೀನಿ. ಎಲ್ಲಾ ಮನೇಲೂ ಜಗಳ ಇರ್ತದೆ. ಕುಡಿದು ಬಂದ ರಾತ್ರಿ ಇರ್ತದೆ. ಸಾಲ ತಲೆ ಮೇಲೆ ಕೂತ ದಿನ, ಪರೀಕ್ಷೆ ಫೇಲಾದ ದಿನ, ಬದುಕೇ ಸಾಕು ಅನ್ನಿಸೋ ದಿನ ಇರ್ತದೆ. ಆ ಗಳಿಗೆ ದಾಟಿಬಿಟ್ರೆ ಮನುಷ್ಯ ಉಳೀತಾನೆ. ಬಂದೂಕು ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇದ್ರೆ ಆ ಗಳಿಗೆ ದಾಟೋಕೆ ಸಮಯ ಸಿಗ್ತದೆ. ಲೈಸೆನ್ಸ್ ಇರೋರ ಮನಸ್ಸೇ ಸರಿಯಿಲ್ಲ ಅನ್ನಿಸಿದ್ರೆ ಬೀಗ ನಂಬಿಕೊಂಡು ಕೂರ್ಬೇಡಿ, ದೊಡ್ಡೋರಿಗೆ ಹೇಳಿ ಬಂದೂಕನ್ನ ಸ್ವಲ್ಪ ದಿನ ಮನೆಯಿಂದ ಆಚೆ ಒಪ್ಪಿಸೋ ಹಾಗೆ ಮಾಡಿ. ಜೊತೆಗೆ 14416 ನಂಬರು ಬರೆದಿಟ್ಕೊಳ್ಳಿ, ಟೆಲಿ ಮನಸ್ ಅಂತ, ಸರ್ಕಾರದ್ದು. ಕನ್ನಡದಲ್ಲೇ ಮಾತಾಡಬಹುದು.

ಬೇರೆ ಬೇರೆ ಇಡೋದು ನಮ್ಮೂರಿಗೆ ಹೊಸ ಪಾಠ ಏನಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರೆಗೂ, ಹತ್ತಿರ ಹತ್ತಿರ 120 ವರ್ಷ ಈ ಊರು ಮದ್ದಿನ ಜೊತೆ ಸಂಸಾರ ಮಾಡಿದೆ. ಚಾಂಪಿಯನ್ ರೀಫ್‌ನಲ್ಲಿ, ನಂದಿದುರ್ಗದಲ್ಲಿ ಬಂಡೆ ಸಿಡಿಸಿದ ಹಿರಿಯರು ಇನ್ನೂ ನಮ್ಮ ಜಗಲಿ ಮೇಲೆ ಕೂತವ್ರೆ, ಕೇಳಿ ನೋಡಿ. ಮದ್ದಿನ ಕಡ್ಡಿ ಒಂದು ಕಡೆ, ಅದನ್ನ ಹೊತ್ತಿಸೋ ಡೆಟೋನೇಟರ್ ಇನ್ನೊಂದು ಕಡೆ, ಎರಡಕ್ಕೂ ಬೀಗ, ಎಷ್ಟು ಹೋಯ್ತು ಎಷ್ಟು ಬಂತು ಅನ್ನೋ ಲೆಕ್ಕ. ಇದು ಗಣಿ ಕೆಲಸದ ಮೊದಲ ಪಾಠ. ನೆಲದ ಕೆಳಗೆ ಅಷ್ಟು ಶಿಸ್ತಾಗಿದ್ದ ಜನ, ನೆಲದ ಮೇಲೆ ಮನೇಲಿ ಬಂದೂಕು, ತೋಟಾ ಎರಡನ್ನೂ ಒಂದೇ ಅರೆಯಲ್ಲಿ ಇಟ್ಟು ಮೇಲೆ ಸೀರೆ ಮುಚ್ಚೋದು ಯಾವ ನ್ಯಾಯ?

ಕಾನೂನೂ ಇದನ್ನೇ ಹೇಳ್ತದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸಿಗೆ ಅರ್ಜಿ ಹಾಕುವಾಗಲೇ "ಬಂದೂಕನ್ನ ಭದ್ರವಾಗಿ ಇಡ್ತೀನಿ" ಅಂತ ಮುಚ್ಚಳಿಕೆ ಬರೆದುಕೊಡ್ಬೇಕು. ಲೈಸೆನ್ಸಿನ ಷರತ್ತು ಮೀರಿದ್ರೆ 6 ತಿಂಗಳವರೆಗೆ ಜೈಲು, ಇಲ್ಲಾಂದ್ರೆ 2,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಲೈಸೆನ್ಸಿನಲ್ಲಿ ಇರೋದು ಯಜಮಾನರ ಹೆಸರು. ಬೀರಿನ ಬೀಗದ ಕೈ ಇರೋದು ನಮ್ಮ ಹತ್ರ. ಏನಾದ್ರೂ ಆದ ದಿನ "ಬೀರು ತೆಗೆದಿಟ್ಟು ಹೋದೋಳು ಯಾರು" ಅನ್ನೋ ಪ್ರಶ್ನೆ ನಮ್ಮ ಕಡೆಗೇ ತಿರುಗ್ತದೆ. ಪೊಲೀಸಿನೋರು ಕೇಳದೇ ಇದ್ರೂ ಅತ್ತೆ, ನಾದಿನಿ ಕೇಳ್ತಾರೆ.

ಈಗ ಆ ಬೇರೆ ಬೀರು ಹೆಂಗಿರ್ಬೇಕು ಅಂತ ನೋಡೋಣ. ದಪ್ಪ ತಗಡಿನ ಉಕ್ಕಿನದ್ದು, ಉದ್ದಕ್ಕೆ ಕಿರಿದಾಗಿ. ಹನ್ನೆರಡು ಬೋರಿನ ಬಂದೂಕು ಹೆಚ್ಚು ಕಡಿಮೆ 4 ಅಡಿ ಬರ್ತದೆ, ಅದಕ್ಕೆ ಒಳಗಡೆ ನಾಲ್ಕೂವರೆ ಅಡಿಯಾದ್ರೂ ಇರ್ಲಿ. ನಮ್ಮೂರಲ್ಲಿ ಬೀರು ಮಾಡೋ ಶೆಡ್ಡಿನೋರೇ ಮಾಡಿಕೊಡ್ತಾರೆ. ಗೋಡೆಗೆ ಬೋಲ್ಟ್ ಹಾಕಿಸಿ, ಇಲ್ಲಾಂದ್ರೆ ಕಳ್ಳ ಬೀರನ್ನೇ ಹೊತ್ಕೊಂಡು ಹೋಗ್ತಾನೆ. ಬಚ್ಚಲಮನೆ ಗೋಡೆಗೆ ಒರಗಿಸಿ ನಿಲ್ಲಿಸ್ಬೇಡಿ, ತೇವಕ್ಕೆ ತುಕ್ಕು ಹಿಡೀತದೆ. ದೇವರ ಮನೆಯೂ ಬೇಡ, ಎಣ್ಣೆ ದೀಪ, ಕರ್ಪೂರ ಇರೋ ಜಾಗ ಅದು.

ದುರ್ಬೀನಿನ ರೈಫಲ್ಲಿಗೆ ಇನ್ನೊಂದಿಷ್ಟು ಜಾಗ ಬೇಕು. ಡಬಲ್ ಬ್ಯಾರಲನ್ನ ಬಿಚ್ಚಿ ಎರಡು ತುಂಡು ಮಾಡಿ ಇಡಬಹುದು, ರೈಫಲ್ಲನ್ನ ಹಾಗೆ ಮಡಚೋಕಾಗಲ್ಲ. ಮೇಲೆ ದುರ್ಬೀನು, ಪಕ್ಕಕ್ಕೆ ಬೋಲ್ಟಿನ ಹಿಡಿ ಚಾಚ್ಕೊಂಡಿರ್ತದೆ. ಇಕ್ಕಟ್ಟಾಗಿ ಬಂದೂಕುಗಳ ಮಧ್ಯೆ ತುರುಕಿದ್ರೆ ಪೆಟ್ಟು ಬೀಳೋದು ದುರ್ಬೀನಿಗೇ, ಆಮೇಲೆ ಗುರಿ ಎಲ್ಲೋ, ಗುಂಡು ಎಲ್ಲೋ. ಒಂದೊಂದಕ್ಕೂ ಬೇರೆ ಗೂಡು, ಒರಗೋ ಕಡೆ ಮೆತ್ತನೆ ಬಟ್ಟೆ. ರೈಫಲ್ಲಿನ ಬೋಲ್ಟ್ ಬಿಚ್ಚಿ ತೋಟಾ ಪೆಟ್ಟಿಗೆಯಲ್ಲಿ ಹಾಕಿಟ್ರೆ ಇನ್ನೂ ಒಳ್ಳೇದು, ಬೋಲ್ಟ್ ಇಲ್ಲದ ರೈಫಲ್ಲು ಬರೀ ಕಬ್ಬಿಣದ ಕೋಲು. ಆ ದುರ್ಬೀನಿನಲ್ಲಿ ಎದುರು ಮನೆ ಮಹಡಿ ನೋಡೋ ಚಾಳಿ ಕೆಲವು ಹುಡುಗರಿಗೆ ಐತೆ. ದುರ್ಬೀನು ಯಾರ ಕಡೆ ತಿರುಗ್ತದೋ ನಳಿಗೆಯೂ ಅವರ ಕಡೆಗೇ ತಿರುಗ್ತದೆ ಅಂತ ಬೈದು ಹೇಳಿ.

ಚರ್ಮದ ಚೀಲದಲ್ಲಿ ಹಾಕಿ ಜೋಪಾನ ಮಾಡಿದ್ದೀವಿ ಅನ್ನೋರು ಕೇಳಿ. ಚರ್ಮ ತೇವ ಹಿಡಿದಿಟ್ಕೊಳ್ತದೆ, ವರ್ಷಗಟ್ಟಲೆ ಅದರೊಳಗಿದ್ರೆ ಕಬ್ಬಿಣ ಕೆಡ್ತದೆ. ಕೊಬ್ಬರಿ ಎಣ್ಣೆ ಸವರಬೇಡಿ, ದಿನ ಕಳೆದ ಹಾಗೆ ಅಂಟಾಗ್ತದೆ. ತೆಳ್ಳನೆ ಬಂದೂಕಿನ ಎಣ್ಣೆನೇ ಬೇರೆ ಸಿಗ್ತದೆ. ಆಯುಧ ಪೂಜೆ ದಿನ ಕುಂಕುಮ ಇಟ್ಟು ನಿಂಬೆಹಣ್ಣು ಹಿಂಡಿದ ಕೈಯಲ್ಲೇ ಮುಟ್ಟಿದ್ರೆ ಸಂಜೆಗೆ ಒರೆಸಿಡೋದು ಮರೀಬೇಡಿ ಅಂತ ಹೇಳಿ. ಒರೆಸೋದು ಅವರೇ ಮಾಡ್ಲಿ, ಧೂಳು ಹೊಡೆಯೋ ನೆಪದಲ್ಲೂ ನಾವು ಮುಟ್ಟೋದು ಬೇಡ. ಒಳಗಿಡೋ ಮುಂಚೆ ಪ್ರತಿ ಸಲವೂ ತೆರೆದು ನೋಡಿ ಖಾಲಿ ಅಂತ ಖಾತ್ರಿ ಮಾಡ್ಕೊಳ್ಬೇಕು. "ಖಾಲಿ ಐತೆ ಬಿಡು" ಅನ್ನೋ ಬಾಯಿಮಾತು ಲೆಕ್ಕಕ್ಕಿಲ್ಲ.

ಕೊಡಗಿನೋರ ಮನೆಯಲ್ಲೆಲ್ಲಾ ಕೋವಿ ಇರಲ್ವಾ ಅಂತ ಕೇಳ್ತೀರಿ. ಇರ್ತದೆ, ಅವರಿಗೆ ಲೈಸೆನ್ಸಿನಿಂದ ವಿನಾಯಿತಿಯೇ ಐತೆ, 2029ರವರೆಗೆ ಅಂತ ಸರ್ಕಾರ ಮುಂದುವರಿಸಿದೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡ್ತಾರೆ. ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು ಗುಂಡು ಹಾರಿಸೋದು ಅವರ ಸಂಪ್ರದಾಯ. ಅಲ್ಲಿ ಅದು ಮನೆತನದ ಜೊತೆ ಬೆಳೆದು ಬಂದದ್ದು, ಹಿರಿಯರು ಕಲಿಸಿಕೊಟ್ಟದ್ದು. ನಮ್ಮಲ್ಲಿ ಅದು ಕೆಲಸಕ್ಕೆ ಬಂದ ಸಾಮಾನು. ಕಲಿಸೋ ಹಿರಿಯರಿಲ್ಲದ ಮನೇಲಿ ಬೀಗವೇ ಹಿರಿಯ.

ಇನ್ನೊಂದು ವಾದ ಐತೆ. "ರಾತ್ರಿ ಕಳ್ಳ ಬಂದ್ರೆ ಎರಡೆರಡು ಬೀಗ ತೆಗೀತಾ ಕೂರ್ಲಾ?" ಅಂತ. ನಾನೂ ಒಂಟಿಯಾಗಿ ಮಲಗೋ ರಾತ್ರಿಗಳಲ್ಲಿ ಭಯ ಪಟ್ಟೋಳೇ, ಆ ಮಾತನ್ನ ತಳ್ಳಿಹಾಕಲ್ಲ. ಆದ್ರೆ ಕಳ್ಳ ಹೆಚ್ಚಾಗಿ ಬರೋದು ನಾವು ಮದುವೆಗೋ ಕೋಟಿಲಿಂಗಕ್ಕೋ ಹೋಗಿ ಮನೆ ಖಾಲಿ ಇದ್ದಾಗ. ಆಗ ಬಟ್ಟೆ ಬೀರು ಒಡೆದೋನಿಗೆ ಒಡವೆ ಜೊತೆ ಬಂದೂಕೂ ಸಿಗ್ತದೆ. ಎಲೆಕ್ಷನ್ ಬಂದಾಗ ಎಷ್ಟೋ ಮನೆಯೋರು ಬಂದೂಕನ್ನ ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರ್ತಾರೆ. ಆ ದಿನಗಳಲ್ಲಿ ಯಾರ ನಿದ್ದೆ ಕೆಟ್ಟಿತು ಹೇಳಿ.

ಕೊನೇದಾಗಿ, ಯಜಮಾನರನ್ನ ಕಳ್ಕೊಂಡ ಅಕ್ಕಂದಿರಿಗೆ. ಅವರು ಹೋದ ಮೇಲೆ ಆ ಬಂದೂಕು ಬೀರಿನಲ್ಲೇ ಉಳಿದಿದ್ರೆ, "ಅವರ ನೆನಪು" ಅಂತ ಹಾಗೇ ಇಟ್ಕೋಬೇಡಿ. ಲೈಸೆನ್ಸ್ ಅವರ ಜೊತೆಗೇ ಮುಗೀತು. ತಡ ಮಾಡದೆ ಸ್ಟೇಷನ್ನಿಗೆ ತಿಳಿಸಿ, ಅಲ್ಲಿಗೋ ಲೈಸೆನ್ಸ್ ಇರೋ ಬಂದೂಕು ಅಂಗಡಿಗೋ ಒಪ್ಪಿಸಿ ರಸೀದಿ ತಗೊಳ್ಳಿ. ಮಗನಿಗೆ ಬೇಕೇ ಬೇಕು ಅಂದ್ರೆ ವಾರಸುದಾರ ಅಂತ ಅರ್ಜಿ ಹಾಕೋಕೆ ದಾರಿ ಐತೆ. ಯಜಮಾನರು ಇರುವಾಗಲೇ, 70 ವರ್ಷ ತುಂಬಿದ್ರೆ ಅಥವಾ ಬಂದೂಕು 25 ವರ್ಷ ಅವರ ಹತ್ರ ಇದ್ರೆ, ಆಗಲೂ ವಾರಸುದಾರರು ಅರ್ಜಿ ಹಾಕಬಹುದು. ಮಗನಿಗೂ ಬೇಡ ಅಂದ್ರೆ ಬಿಟ್ಟುಬಿಡಿ. ನೆನಪಿಗೆ ಅವರ ಕನ್ನಡಕ ಐತೆ, ವಾಚು ಐತೆ.

ಈ ಭಾನುವಾರ ಊಟ ಆದ ಮೇಲೆ ಕೇಳೋಕೆ ಮೂರೇ ಪ್ರಶ್ನೆ. ಬಂದೂಕು ಖಾಲಿ ಐತಾ, ತೆರೆದು ನೋಡಿದ್ರಾ? ತೋಟಾ ಎಲ್ಲಿ, ಎಷ್ಟು? ಇದಕ್ಕೆ ಬೇರೆ ಬೀರು ಯಾವಾಗ ಮಾಡಿಸ್ತೀರಾ? ಮೂರನೇದಕ್ಕೆ "ನೋಡೋಣ" ಅಂತಾರೆ, ಎಲ್ಲಾ ಮನೇಲೂ ಅದೇ ಉತ್ತರ. ಹಾಗಾದ್ರೆ ಅಲ್ಲಿವರೆಗೆ ಅದನ್ನ ನನ್ನ ಬೀರಿಂದ ತೆಗೆದು ಅಂಗಡಿಯಲ್ಲೋ ಸ್ಟೇಷನ್ನಲ್ಲೋ ಒಪ್ಪಿಸಿಬಿಡಿ ಅನ್ನಿ. ಜಗಳ ಬೇಡ, ಗಟ್ಟಿಯಾಗಿ ಒಂದೇ ಸಲ ಹೇಳಿ. ಹಾಕಿಸಿದ ಮನೆಯೋರು ನನಗೆ ಫೋನ್ ಮಾಡಿ, ಯಾವ ಶೆಡ್ಡಿನೋರು ಚೆನ್ನಾಗಿ ಮಾಡಿದ್ರು ಅಂತ ಬೇರೆಯೋರಿಗೂ ಹೇಳ್ತೀನಿ.