ಸರಿ ಹಿಟ್ಟು ಮರೆತಿದ್ದು ತಾಯಂದಿರಲ್ಲ

ಸೆಪ್ಟೆಂಬರ್ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಪೋಷಣ ಮಾಸಾಚರಣೆ. ಶಾಮಿಯಾನದ ಕೆಳಗೆ ಟೇಬಲ್, ಅದರ ಮೇಲೆ ಅಂದವಾಗಿ ಜೋಡಿಸಿದ ಕಾಳು, ಸೊಪ್ಪು, ರಾಗಿ. ಗಣ್ಯರು ಒಂದು ಮಗುವಿಗೆ ಅನ್ನಪ್ರಾಶನ ಮಾಡಿಸಿ ಫೋಟೊಗೆ ನಿಂತ ಮೇಲೆ ಮೈಕ್ ಹಿಡಿದು ಹೇಳುವುದು ಒಂದೇ ಮಾತು: "ಈಗಿನ ಹೆಣ್ಮಕ್ಕಳಿಗೆ ಒಂದು ರಾಗಿ ಸರಿ ಮಾಡೋಕೂ ಬರಲ್ಲ. ಎಲ್ಲದಕ್ಕೂ ಡಬ್ಬ." ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಇದನ್ನು ಕೇಳಿದ್ದೇನೆ. ಕೇಳಿ ಕೇಳಿ ಸಾಕಾಗಿದೆ. ಈ ಮಾತು ಸುಳ್ಳು.

ಸರಿ ಮಾಡುವುದು ಗೊತ್ತಿಲ್ಲದ ಮನೆಯನ್ನು ನಮ್ಮ ಹಳ್ಳಿಗಳಲ್ಲಿ ಹುಡುಕುವುದೇ ಕಷ್ಟ. ರಾಗಿ ತೊಳೆದು, ಕಲ್ಲು ಆರಿಸಿ, ಒಂದು ರಾತ್ರಿ ನೆನೆಸಬೇಕು. ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು. ನೆರಳಲ್ಲಿ ಒಣಗಿಸಿ, ಕರಿಯಾಗದಂತೆ ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಜೊತೆಗೆ ಹುರಿದ ಹೆಸರುಕಾಳು ಸೇರಿಸಿದರೆ ಇನ್ನೂ ಒಳ್ಳೆಯದು. ಕುದಿಸುವಾಗ ಮೊಳಕೆ ಹಿಟ್ಟು ಅಂಟಂಟಾಗಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಮಗುವಿನ ಪುಟ್ಟ ಹೊಟ್ಟೆಗೆ ಹೆಚ್ಚು ಆಹಾರ ಹೋಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರದ ಮೇಲೆ ಕೆಲಸ ಮಾಡಿ 1982ರಲ್ಲೇ ಪ್ರಕಟಿಸಿದ್ದಾರೆ. ನಮ್ಮ ಅಜ್ಜಿಯರ ಕೈ ಅಳತೆಗೆ ಸಿಕ್ಕ ಲೆಕ್ಕ ಅದು.

ರಾಗಿಗೇನು ಬರ? ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತಂದದ್ದು ಇದೇ ಮಂಡ್ಯದ ವಿ.ಸಿ. ಫಾರಂನಲ್ಲಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಕ್ವಿಂಟಲ್‌ಗೆ 2025-26ರ ಬೆಂಬಲ ಬೆಲೆ 4,886 ರೂಪಾಯಿ, ಅಂದರೆ ಕೆಜಿಗೆ 49 ರೂಪಾಯಿ. ಬೆಳೆ ಇದೆ, ವಿದ್ಯೆ ಇದೆ, ಬೆಲೆಯೂ ಕೈಗೆಟುಕುವಂತಿದೆ. ಹಾಗಿದ್ದೂ ಡಬ್ಬ ಗೆಲ್ಲುವುದೇಕೆ?

ಮೇಲಿನ ಕೆಲಸಗಳನ್ನು ಮತ್ತೊಮ್ಮೆ ಓದಿ. ನೆನೆಸುವುದರಿಂದ ಜರಡಿಯವರೆಗೆ ನಾಲ್ಕೈದು ದಿನ. ಮಿಲ್ಲಿಗೆ ಹೋದರೆ ಅರ್ಧ ಕೆಜಿ ಹಾಕಿಕೊಡಲು ತಕರಾರು. ಮೊದಲು ಖಾರದಪುಡಿ ಬೀಸಿದ್ದರೆ ಘಾಟು ಮಗುವಿನ ಹಿಟ್ಟಿಗೇ ಬರುತ್ತದೆ. ಡಬ್ಬದ್ದು ಎರಡು ನಿಮಿಷ. ಗೆಲ್ಲುವುದು ರುಚಿಯಲ್ಲ, ಸಮಯ.

ಆ ಸಮಯ ಯಾರ ಹತ್ತಿರ ಇದೆ? ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆ, ಸೋಮನಹಳ್ಳಿ ಕಡೆ ಬೆಳಕು ಹರಿಯುವ ಹೊತ್ತಿಗೆ ಗಾರ್ಮೆಂಟ್ಸ್ ವಾಹನಗಳಿಗೆ ಕಾಯುವ ಹೆಂಗಸರನ್ನು ಕೇಳಿ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಮಗುವಿಗೆ ಆರು ತಿಂಗಳು ತುಂಬಿ ಮೊದಲ ತುತ್ತು ಇಡಬೇಕಾದ ಹೊತ್ತಿಗೇ ತಾಯಿ ಮೆಷಿನ್ ಮುಂದೆ ಕೂತಿರುತ್ತಾಳೆ. ಮಳವಳ್ಳಿ ಕಡೆ ಕಬ್ಬಿನ ಗದ್ದೆಗೆ, ನಾಟಿಗೆ ಹೋಗುವವಳಿಗೆ ಆ ರಜೆಯೂ ಇಲ್ಲ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಅಷ್ಟೇ. ಇಂಥವಳಿಗೆ ವೇದಿಕೆ ಮೇಲಿಂದ ಬುದ್ಧಿ ಹೇಳುವವರು ತಮ್ಮ ಮನೆಯಲ್ಲಿ ಎಂದಾದರೂ ಮಿಲ್ಲಿಗೆ ಹಿಟ್ಟು ಹಾಕಿಸಲು ಹೋಗಿದ್ದಾರೆಯೇ?

ಡಬ್ಬದ ಪರ ವಾದಿಸುತ್ತಿಲ್ಲ. ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನಲ್ಲಿ ಒಂದು ಬಾರಿಯ ಊಟಕ್ಕೆ ಸರಾಸರಿ ಸುಮಾರು ಮೂರು ಗ್ರಾಂ ಸಕ್ಕರೆ ಸೇರಿಸಲಾಗಿದೆ, ಸ್ವಿಟ್ಜರ್ಲೆಂಡಿನಲ್ಲಿ ಮಾರುವುದರಲ್ಲಿ ಸೇರಿಸಿಲ್ಲ ಎಂದು ಪಬ್ಲಿಕ್ ಐ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಬಯಲು ಮಾಡಿತು. ಆಮೇಲೆ ಕಂಪನಿ ಸಂಸ್ಕರಿಸಿದ ಸಕ್ಕರೆ ಇಲ್ಲದ ಬಗೆಗಳನ್ನೂ ತಂದಿತು. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಕೊಡುವಂತಿಲ್ಲ, ಡಬ್ಬದ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ ಎಂದು ಕಾನೂನೇ ಇದೆ. ಆದರೂ ಡಬ್ಬ ಹಳ್ಳಿಯವರೆಗೆ ಬಂದಿದೆ, ಏಕೆಂದರೆ ಅದು ಬರಬೇಕಾದ ಜಾಗ ಖಾಲಿ ಇತ್ತು.

ಮನೆಯದು ಎಂದ ಮಾತ್ರಕ್ಕೆ ಎಲ್ಲವೂ ಸರಿಯಲ್ಲ ಎಂಬುದೂ ನಿಜ. ನೀರಿನಂಥ ಗಂಜಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಬೇಕು. ಬರೀ ರಾಗಿ ಸಾಲದು. ಬೇಯಿಸಿ ಮಸೆದ ಬೇಳೆ, ಸೊಪ್ಪು, ಚೂರು ತುಪ್ಪ, ತಿನ್ನುವ ಮನೆಯಾದರೆ ಮೊಟ್ಟೆ ಒಂದೊಂದಾಗಿ ಸೇರಬೇಕು. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ, ಜೇನುತುಪ್ಪವಂತೂ ಬೇಡವೇ ಬೇಡ. ಎದೆಹಾಲು ಎರಡು ವರ್ಷದವರೆಗೂ ಇರಲಿ. ಇಷ್ಟನ್ನು ಮನೆಮನೆಗೆ ಹೋಗಿ ಹೇಳಬೇಕಾದ ಅಂಗನವಾಡಿ ಕಾರ್ಯಕರ್ತೆ ಮೊಬೈಲ್ ಆ್ಯಪ್‌ನಲ್ಲಿ ತೂಕ, ಫೋಟೊ ತುಂಬುತ್ತಾ ಕೂತಿರುತ್ತಾಳೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ದೇಶದಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ನೂರು ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುವುದು 11 ಮಕ್ಕಳಿಗೆ ಮಾತ್ರ. ಇದು ಅಷ್ಟೂ ತಾಯಂದಿರ ಸೋಮಾರಿತನವೇ?

1975ರಲ್ಲಿ ಐಸಿಡಿಎಸ್ ಶುರುವಾದಾಗ ರಾಜ್ಯದಲ್ಲಿ ಮೊದಲು ಆರಿಸಿದ್ದು ಮಳವಳ್ಳಿಯ ಪಕ್ಕದ ತಿ. ನರಸೀಪುರವನ್ನು. ಅಂಗನವಾಡಿ ಆಹಾರ ಪೂರೈಕೆಗೆ ಗುತ್ತಿಗೆದಾರರು ಬೇಡ, ಊರಿನ ಮಹಿಳಾ ಸಂಘಗಳಿಗೆ ಕೊಡಿ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಹಾಗಾದರೆ ಹೋಬಳಿಗೊಂದು ಸ್ತ್ರೀಶಕ್ತಿ ಸಂಘಕ್ಕೆ ಮಗುವಿನ ಹಿಟ್ಟಿಗೆಂದೇ ಒಂದು ಮಿಲ್ ಕೊಡಿ. ನಮ್ಮ ರೈತರ ರಾಗಿ ಕೊಂಡು, ಮೊಳಕೆ ಬರಿಸಿ, ಬೀಸಿ, ತಾರೀಖು ಹಾಕಿ ವಾರವಾರ ಮನೆಗೆ ತಲುಪಿಸಲಿ. ಕೂಲಿ ಅವರಿಗೇ ಸಿಗಲಿ. 2023ರಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗೆಂದು ಘೋಷಿಸಿದ ಕೂಸಿನ ಮನೆಗಳ ಬಾಗಿಲು ಗಾರ್ಮೆಂಟ್ಸ್ ಮತ್ತು ಗದ್ದೆ ಕೆಲಸದವರ ಮಕ್ಕಳಿಗೂ ತೆರೆಯಲಿ. ಐವತ್ತಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರ ಇದೆಯೇ, ಇದ್ದರೆ ಅಲ್ಲಿ ಮಕ್ಕಳಿದ್ದಾರೆಯೇ ಎಂದು ಕಾರ್ಮಿಕ ಇಲಾಖೆ ಹೋಗಿ ನೋಡಲಿ.

ಅಷ್ಟು ಮಾಡಿದ ಮೇಲೆ ಮೈಕ್ ಹಿಡಿಯಿರಿ. ಅಲ್ಲಿಯವರೆಗೆ ಸರಿ ಮಾಡಲು ಬರುವುದಿಲ್ಲ ಎಂಬ ಮಾತನ್ನು ತಾಯಂದಿರ ಕಡೆ ತಿರುಗಿ ಆಡಬೇಡಿ. ಬಾರದೇ ಇರುವುದು ನಿಮಗೆ.