ಕೊರವ ಮೀನಿಗೆ ಗಾಳ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂದೇ ಒಂದು ಪ್ರಕರಣವುಂಟು. ಆದುದರಿಂದ ಈ ತಿಂಗಳು ಕೆರೆಯ ದಡದಿಂದ ಕೊರವ ಮೀನಿಗೆ ಗಾಳ ಹಾಕುವ ಕ್ರಮವನ್ನು ಹೇಳಲು ನಾವು ಸಂಕೋಚಪಡುವುದಿಲ್ಲ.

ಈ ಮೀನು ದಡದ ಜೊಂಡಿನಲ್ಲಿ ಹೊಂಚಿ, ಕಪ್ಪೆಯನ್ನೂ ಸಣ್ಣ ಮೀನನ್ನೂ ಹಿಡಿಯತಕ್ಕದ್ದು. ದೂರಕ್ಕೆಸೆಯುವ ಹಂಬಲ ಬೇಡ. ಬೆಳಗಿನ ಅಥವಾ ಸಂಜೆಯ ಹೊತ್ತು, ನಮ್ಮ ನೆರಳು ನೀರಿಗೆ ಬೀಳದಂತೆ ನಿಂತು, ಜೊಂಡಿನ ಅಂಚಿನುದ್ದಕ್ಕೂ ಗಾಳವನ್ನು ಬಿಡಬೇಕು. ದಾರವು ಜೊಂಡಿಗೆ ಉಜ್ಜುವುದರಿಂದ ಗಟ್ಟಿಯಾದುದೇ ಬೇಕು. ನೈಲಾನ್ ದಾರದ ಗಂಟನ್ನು ನೀರಿನಲ್ಲಿ ನೆನೆಸಿ ಬಿಗಿಯತಕ್ಕದ್ದು. ಒಣಗಂಟು ಬಿಗಿಯುವಾಗ ಕಾದು ಸತ್ವಗೆಡುವುದು. ಮೀನು ಕಚ್ಚಿದೊಡನೆ ಸೆಳೆಯದೆ, ಎರೆಯು ಬಾಯೊಳಗಾಗುವಷ್ಟು ಕ್ಷಣಕಾಲ ತಡೆದು, ಬಳಿಕ ಕೋಲನ್ನೆತ್ತಬೇಕು.

ಇನ್ನು ಮುಖ್ಯವಾದ ಮಾತು. ಮಳೆಗಾಲದಲ್ಲಿ ಕೆಂಬಣ್ಣದ ಮರಿಗಳ ಗುಂಪೊಂದು ನೀರಿನ ಮೇಲೆ ಕುದಿಯುವಂತೆ ಚಲಿಸುವುದುಂಟು. ಅದರ ಕೆಳಗೆ ಕಾವಲಿರುವ ಹಿರಿಯ ಮೀನು ಸಮೀಪಕ್ಕೆ ಬಂದುದರ ಮೇಲೆಲ್ಲ ಎರಗುವುದು. ಅನೇಕರು ಇದನ್ನೇ ಸುಸಮಯವೆಂದೆಣಿಸುವರು. ನಾವೂ ಬಾಲ್ಯದಲ್ಲಿ ಹಾಗೆಯೇ ಒಂದನ್ನು ಹಿಡಿದು ಹಿಗ್ಗಿದೆವು. ಮರುದಿನ ಅಲ್ಲಿಗೆ ಹೋದಾಗ ಕಾವಲಿಲ್ಲದ ಆ ಮರಿಗಳಲ್ಲಿ ಒಂದಾದರೂ ಕಾಣಿಸಲಿಲ್ಲ. ಆ ದಿನದ ಊಟದ ರುಚಿ ಮರೆತಿದೆ. ಬರಿದಾದ ಆ ನೀರು ಮರೆತಿಲ್ಲ.

ಹಸಿವಿನಿಂದ ಕಚ್ಚುವ ಮೀನು ಬೇರೆ, ಮರಿಗಳಿಗಾಗಿ ಕಚ್ಚುವ ಮೀನು ಬೇರೆ. ಕೆಂಪು ಗುಂಪನ್ನು ಕಂಡೊಡನೆ ದಾರವನ್ನು ಸುತ್ತಿಕೊಂಡು ಬೇರೆಡೆಗೆ ನಡೆಯಿರಿ. ಮಕ್ಕಳು ಜೊತೆಗಿದ್ದರೆ, ಅವರಿಗೂ ಅದನ್ನು ತೋರಿಸಿಯೇ ಮುಂದೆ ಹೋಗಿರಿ.